ಶಾಸಕರ ನೆನಪು, ಕಚೇರಿಯ ಮರೆವು

ಕಲಬುರಗಿ ಜಿಲ್ಲೆಯ ದೀರ್ಘಾವಧಿ ಶಾಸಕರ ಮಾತು ಬಂದಾಗ ಎರಡು ಹೆಸರುಗಳು ತಾವಾಗಿಯೇ ಮುಂದೆ ನಿಲ್ಲುತ್ತವೆ. ಮಲ್ಲಿಕಾರ್ಜುನ ಖರ್ಗೆ 1972ರಿಂದ 2008ರವರೆಗೆ ಗುರುಮಠಕಲ್‌ನಿಂದ 8 ಬಾರಿ, ಚಿತ್ತಾಪುರದಿಂದ ಒಮ್ಮೆ ವಿಧಾನಸಭೆಗೆ ಆಯ್ಕೆಯಾದರು. ಎನ್. ಧರ್ಮಸಿಂಗ್ ಜೇವರ್ಗಿಯಿಂದ ಸತತವಾಗಿ ಹಲವು ಬಾರಿ ಗೆದ್ದು, 2004ರಲ್ಲಿ ಮುಖ್ಯಮಂತ್ರಿಯೂ ಆದರು. ಈ ಎರಡು ಹೆಮ್ಮರಗಳ ನೆರಳಿನಲ್ಲಿ ಕಮಲಾಪುರದ ರೇವು ನಾಯಕ ಬೆಳಮಗಿ ಅವರ ರಾಜಕೀಯ ಜೀವನ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆದರೆ ಹಿಂದುಳಿದ ಪ್ರದೇಶದಲ್ಲಿ ಒಬ್ಬ ಶಾಸಕ ನಿಜವಾಗಿ ಏನು ಮಾಡುತ್ತಾನೆ ಎಂಬುದನ್ನು ಅರಿಯಲು ನನಗೆ ಹೆಚ್ಚು ನೆರವಾಗಿರುವುದು ಈ ಉದಾಹರಣೆಯೇ.

ಲಂಬಾಣಿ ಸಮುದಾಯದಿಂದ ಬಂದ ಬೆಳಮಗಿ, ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕಮಲಾಪುರ ಕ್ಷೇತ್ರದಿಂದ 1994, 1999 ಮತ್ತು 2004ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಆಯ್ಕೆಯಾದರು. ಕ್ಷೇತ್ರ ಮರುವಿಂಗಡಣೆಯಲ್ಲಿ ಕಮಲಾಪುರ ಎಂಬ ಹೆಸರೇ ವಿಧಾನಸಭೆಯ ಪಟ್ಟಿಯಿಂದ ಅಳಿಸಿಹೋಯಿತು. 2008ರಲ್ಲಿ ಅವರು ಹೊಸ ಗುಲಬರ್ಗಾ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಪಶುಸಂಗೋಪನಾ ಸಚಿವರಾದರು. ರಾಷ್ಟ್ರಪತಿ ಆಳ್ವಿಕೆಯ ಕೆಲವು ತಿಂಗಳುಗಳನ್ನು ಬಿಟ್ಟರೆ 18 ವರ್ಷಗಳ ನಿರಂತರ ಶಾಸಕತ್ವ! ಆ ಬಳಿಕ ನಡೆದದ್ದು ಬೇರೆಯೇ ಕಥೆ. 2013ರಲ್ಲಿ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಜಿ. ರಾಮಕೃಷ್ಣ ಅವರೆದುರು ಸೋತರು. 2018ರಲ್ಲಿ ಟಿಕೆಟ್ ಕೈತಪ್ಪಿದಾಗ ಜಾತ್ಯತೀತ ಜನತಾದಳದಿಂದಲೂ, 2023ರಲ್ಲಿ ಕಾಂಗ್ರೆಸ್ಸಿನಿಂದಲೂ ಸ್ಪರ್ಧಿಸಿದರು. ಎರಡು ಬಾರಿಯೂ ಗೆದ್ದವರು ಬಿಜೆಪಿಯ ಬಸವರಾಜ ಮತ್ತಿಮಡು. ಮೂರು ಚುನಾವಣೆ, ಮೂರು ಚಿಹ್ನೆ, ಮೂರು ಸೋಲು.

ಇದನ್ನು ಪಕ್ಷಾಂತರದ ಫಲವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಮತದಾರರಿಗೆ ಚಿಹ್ನೆಯ ಬದಲಾವಣೆ ಹಿಡಿಸಲಿಲ್ಲವೆಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಹಿಂದಿನ 18 ವರ್ಷಗಳದ್ದು. ಜನ ಒಬ್ಬರನ್ನೇ ಅಷ್ಟು ಕಾಲ ಏಕೆ ಆರಿಸುತ್ತಾರೆ? ಶಾಸನ ರಚನೆಗಾಗಿ ಅಲ್ಲವೆಂಬುದು ಖಚಿತ. ಬೆಳಮಗಿ ಅವರು ಸಚಿವರಾಗಿದ್ದಾಗ ಅವರ ಇಲಾಖೆಗೆ ಸೇರಿದ ಗೋಹತ್ಯೆ ನಿಷೇಧ ಮಸೂದೆ 2010ರಲ್ಲಿ ಉಭಯ ಸದನಗಳ ಒಪ್ಪಿಗೆ ಪಡೆದು ರಾಜ್ಯದಾದ್ಯಂತ ವಾದವಿವಾದ ಎಬ್ಬಿಸಿತು. ಅಂಕಿತ ದೊರೆಯದೆ ಅದು ಕಾಯ್ದೆಯಾಗಲಿಲ್ಲ. ಆದರೆ ಕ್ಷೇತ್ರದ ಹಳ್ಳಿ, ತಾಂಡಾಗಳಲ್ಲಿ ಶಾಸಕರನ್ನು ಅಳೆಯುತ್ತಿದ್ದ ಕೋಲು ಅದಾಗಿರಲಿಲ್ಲ.

ನಾನು ಕಂದಾಯ ಇಲಾಖೆಯ ಅಧಿಕಾರಿಯಾಗಿ ಈ ಜಿಲ್ಲೆಯಲ್ಲಿ ಎರಡು ಅವಧಿಗೆ ಕೆಲಸ ಮಾಡಿದವನು. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದ ನಮ್ಮಲ್ಲಿ ಅನೇಕರು ಹಾಜರಾತಿ ವರದಿಯ ಹಿಂದೆಯೇ ವಾಪಸಾತಿಯ ಅರ್ಜಿಯನ್ನೂ ಸಿದ್ಧಪಡಿಸಿಕೊಳ್ಳುತ್ತಿದ್ದೆವು. (ನಾನೂ ಇದಕ್ಕೆ ಹೊರತಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.) ಎರಡು ವರ್ಷ ನಿಂತವನೇ ಹಳಬ. ಒಮ್ಮೆ ಜಿಲ್ಲೆಯ ಒಂದು ತಾಂಡಾದ ನಿವೇಶನಗಳ ಕಡತ ಕಚೇರಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ನನಗಿಂತ ಹಿಂದಿನ ನಾಲ್ವರು ಅಧಿಕಾರಿಗಳಲ್ಲಿ ಯಾರಿಗೂ ಅದರ ನೆನಪಿರಲಿಲ್ಲ. ಕೊನೆಗೆ ಆ ಭಾಗದ ಶಾಸಕರ ಸಹಾಯಕನೊಬ್ಬ ಕಬ್ಬಿಣದ ಟ್ರಂಕಿನಿಂದ ಒಂದು ಕಟ್ಟು ತೆಗೆದು ತೋರಿಸಿದ. ಹತ್ತು ವರ್ಷಗಳ ಅರ್ಜಿಗಳ ಪ್ರತಿಗಳು, ಪ್ರತಿಯೊಂದರ ಮೇಲೂ ನಮ್ಮದೇ ಕಚೇರಿಯ ಸ್ವೀಕೃತಿ ಮುದ್ರೆ! ಅವುಗಳ ಜೆರಾಕ್ಸ್ ಪಡೆದು ಸರ್ಕಾರದ ಕಡತವನ್ನು ಹೊಸದಾಗಿ ಕಟ್ಟಿದೆವು. ಆ ಶಾಸಕರು ಏಕೆ ಗೆಲ್ಲುತ್ತಾರೆಂಬುದು ಅಂದು ನನಗೆ ತಿಳಿಯಿತು.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಸಾರ್ವಜನಿಕ ಸ್ವತ್ತಾಗಬೇಕಿದ್ದ ಮಾಹಿತಿ ಇಲ್ಲಿ ಖಾಸಗಿ ಬಂಡವಾಳವಾಗುತ್ತದೆ. ಯಾವ ತಾಂಡಾಕ್ಕೆ ದಾರಿ ಇಲ್ಲ, ಯಾರ ಪಿಂಚಣಿ ಯಾವ ಮೇಜಿನ ಮೇಲೆ ನಿಂತಿದೆ, ಯಾವ ಕೆರೆಯ ಕೆಲಸ ಯಾವ ವರ್ಷ ಅರ್ಧಕ್ಕೆ ಬಿತ್ತು, ಇವೆಲ್ಲ ಒಬ್ಬ ವ್ಯಕ್ತಿಯ ನೆನಪಿನಲ್ಲಿ ಶೇಖರವಾಗುತ್ತವೆ. ಮತದಾರರು ಅದಕ್ಕೆ ಐದು ವರ್ಷಕ್ಕೊಮ್ಮೆ ಬಡ್ಡಿ ಸಲ್ಲಿಸುತ್ತಾರೆ. ಆದರೆ ಈ ಬಂಡವಾಳ ಚಲಾವಣೆಯಾಗುವುದು ಅಧಿಕಾರಿ ದೂರವಾಣಿ ಎತ್ತಿಕೊಳ್ಳುವವರೆಗೆ ಮಾತ್ರ. ಮಾಜಿಯಾದ ಮರುದಿನ ಅದರ ಬೆಲೆ ಕುಸಿಯುತ್ತದೆ. ಹೊಸ ಶಾಸಕರಿಗೆ ಹಳೆಯ ಟ್ರಂಕು ಹಸ್ತಾಂತರವಾಗುವುದಿಲ್ಲ. ಅಂಥ ಪದ್ಧತಿ ನಮ್ಮಲ್ಲಿಲ್ಲ.

ಇನ್ನೊಂದು ಕಹಿ ಸತ್ಯವೂ ಇದೆ. ದೀರ್ಘಾವಧಿಯ ನಾಯಕರಿಗೆ ಈ ಸೀಮೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಆದರೂ 2002ರ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲೇ ಇದ್ದವು. ಶಾಸಕರು ನಡೆಸಿದ ಕೆಲಸ ಒಂದೊಂದು ಕುಟುಂಬದ ಮಟ್ಟದಲ್ಲಿ ದೊಡ್ಡದು, ಸಮಿತಿಯ ಸೂಚ್ಯಂಕದಲ್ಲಿ ಅದು ಕಾಣುವುದಿಲ್ಲ.

ಹಕ್ಕಿನ ರೂಪದ ಬದಲಾವಣೆಗಳು ಬಂದದ್ದು ಬೇರೆ ದಾರಿಯಿಂದ. 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡಿತು. ಯಾವ ಶಾಸಕರ ಶಿಫಾರಸು ಪತ್ರವೂ ಕೊಡಲಾಗದ ಸೌಲಭ್ಯವದು. ಮರುವಿಂಗಡಣೆಯಲ್ಲಿ ಹೆಸರು ಕಳೆದುಕೊಂಡಿದ್ದ ಕಮಲಾಪುರ, 2018ರಲ್ಲಿ ತಾಲ್ಲೂಕು ಕೇಂದ್ರವಾಗಿ ಮರಳಿ ನಕ್ಷೆಗೆ ಬಂತು. ಅಲ್ಲಿಯವರೆಗೆ ಕೆಂಬಾಳೆಗೆ ಹೆಸರಾದ ಈ ಊರಿನ ಜನ ತಾಲ್ಲೂಕು ಕಚೇರಿಗಾಗಿ ಸುಮಾರು 35 ಕಿ.ಮೀ. ದೂರದ ಕಲಬುರಗಿಗೆ ಬಸ್ಸು ಹತ್ತಬೇಕಿತ್ತು. ಒಂದು ದಿನದ ಕೂಲಿ ಅಲ್ಲಿಗೆ ಹೋಯಿತೆಂದೇ ಲೆಕ್ಕ. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಪ್ರಧಾನಿಯವರ ಸಮಾರಂಭದಲ್ಲಿ ಐದು ಜಿಲ್ಲೆಗಳ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆ ಆರಂಭವಾಯಿತು. ತಲೆಮಾರುಗಳಿಂದ ವಾಸವಿದ್ದ ಜಾಗ ಕಂದಾಯ ಗ್ರಾಮವಾಗಿ ದಾಖಲೆಗೆ ಸೇರಿದ್ದು ಅಂದಿನ ಸರ್ಕಾರದ್ದಷ್ಟೇ ಸಾಧನೆಯಲ್ಲ, ಹಲವು ಸರ್ಕಾರಗಳ ಕಾಲದ ಬೇಡಿಕೆಯ ಫಲ. ತಾಂಡಾಗಳಿಂದ ಬಂದ ಶಾಸಕರು ಸದನದಲ್ಲಿ ಇದ್ದುದರಿಂದ ಆ ಬೇಡಿಕೆಗೆ ಬಲ ಬಂದಿತೆಂಬುದನ್ನು ಅಲ್ಲಗಳೆಯಲಾಗದು. ಸಂಖ್ಯೆಯಲ್ಲಿ ಅಳೆಯಲಾಗದಿದ್ದರೂ ಬೆಳಮಗಿ ಅಂಥವರ ದೀರ್ಘ ಸೇವೆಯ ತೂಕ ಅಲ್ಲಿದೆ ಎಂದು ನಾನು ಭಾವಿಸುತ್ತೇನೆ.

ಇತ್ತೀಚೆಗೆ ಸ್ವಂತ ಕೆಲಸಕ್ಕೆಂದು ಕಲಬುರಗಿಗೆ ಹೋದವನು ಕಮಲಾಪುರಕ್ಕೂ ಹೋಗಿ ಬಂದೆ. ತಾಲ್ಲೂಕು ಕಚೇರಿಯ ಜಗಲಿಯಲ್ಲಿ ತಾಂಡಾದ ವೃದ್ಧೆಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಹಕ್ಕುಪತ್ರವನ್ನು ಜೋಪಾನವಾಗಿ ಹಿಡಿದು ಕುಳಿತಿದ್ದರು. ನನ್ನ ಬಿಳಿಯ ಅಂಗಿ ಕಂಡು ಯಾರೋ ಅಧಿಕಾರಿಯೆಂದುಕೊಂಡರೇನೋ, ‘ಸಾಹೇಬ್ರ, ಇಲ್ಲಿ ಆಗಲಿಲ್ಲಂದ್ರ ಯಾರ ಮನಿಗಿ ಹೋಗಬೇಕ್ರಿ?’ ಎಂದು ಕೇಳಿದರು. ಕೌಂಟರ್ ಆಗಷ್ಟೇ ತೆರೆದಿತ್ತು, ಮುಂದೆ ಏಳೆಂಟು ಜನರಿದ್ದರು. ಯಾರ ಮನೆಗೂ ಹೋಗುವುದು ಬೇಡ, ಇಲ್ಲೇ ಸಾಲಿನಲ್ಲಿ ನಿಲ್ಲಿ ಎಂದೆ. ಆಕೆ ನನ್ನನ್ನೊಮ್ಮೆ ಅಪನಂಬಿಕೆಯಿಂದ ನೋಡಿ, ನಿಧಾನವಾಗಿ ಎದ್ದು ಸಾಲಿನ ಕೊನೆಗೆ ಹೋಗಿ ನಿಂತರು.