ಬೀರು ಸೇರಿದ ಫೋನುಗಳನ್ನು ನಮಗೆ ಕೊಡಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ನೀಲಗಿರಿ ಜಿಲ್ಲೆ, ಉದಕಮಂಡಲ



ನಾನು ಗೂಡಲೂರು ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವವನು. ಮಸಿನಗುಡಿ, ಗೂಡಲೂರು ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಮಾತೂ ಕನ್ನಡ. ಈ ಪತ್ರದ ತಮಿಳು ಪ್ರತಿಯನ್ನು ಸೋಮವಾರದ ಕುಂದುಕೊರತೆ ದಿನ ತಮ್ಮ ಕಚೇರಿಗೇ ತಂದುಕೊಡುತ್ತೇನೆ. ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಕ್ಕನಹಳ್ಳ ಚೆಕ್‌ಪೋಸ್ಟ್ ದಾಟಿದರೆ ಸಿಗುವ ಗುಂಡ್ಲುಪೇಟೆ, ಚಾಮರಾಜನಗರದ ಅಂಗಡಿಗಳಲ್ಲೂ ಕಚೇರಿಗಳಲ್ಲೂ ಇದೇ ಸಮಸ್ಯೆ ಇದೆ. ಅಲ್ಲಿಯ ಅಧಿಕಾರಿಗಳೂ ಓದಲಿ ಎಂಬ ಆಸೆ ನನ್ನದು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹಳತಾಯಿತೆಂದು ಇಲಾಖೆಗಳು ಬೀರುವಿಗೆ ಸೇರಿಸುವ ಸ್ಮಾರ್ಟ್‌ಫೋನುಗಳನ್ನು ಗುಜರಿಗೆ ಹೋಗಲು ಬಿಡಬೇಡಿ. ಅವನ್ನು ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಮಕ್ಕಳ ಕೈಗೆ ಕೊಡಿಸಿ. ಸ್ವಯಂಸೇವಕರ ಸಮುದಾಯ ಕಟ್ಟಿ ಬೆಳೆಸುತ್ತಿರುವ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಅವನ್ನು ಮತ್ತೆ ನಡೆಸುವುದು ಹೇಗೆಂದು ನಾನು ಸಂಬಳವಿಲ್ಲದೆ ಕಲಿಸುತ್ತೇನೆ. ಮುಂದೆ ಕೊಳ್ಳುವ ಫೋನುಗಳ ಟೆಂಡರಿನಲ್ಲಿ, ಬೇರೆ ವ್ಯವಸ್ಥೆ ಹಾಕದಂತೆ ತಡೆಯುವ ಬೂಟ್‌ಲೋಡರ್ ಬೀಗ ತೆಗೆಯಲು ಕಂಪನಿ ಅವಕಾಶ ಕೊಡಲೇಬೇಕು ಎಂಬ ಒಂದು ಸಾಲು ಸೇರುವಂತೆ ಸರ್ಕಾರಕ್ಕೆ ಬರೆಯಿರಿ.

ಡಿಸ್‌ಪ್ಲೇ ಒಡೆದದ್ದು, ಮಳೆಗೆ ನೆನೆದದ್ದು, ಚಾರ್ಜಿಂಗ್ ಪಿನ್ ಸಡಿಲಾದದ್ದು ನನ್ನ ಮೇಜಿಗೆ ದಿನವೂ ಬರುತ್ತವೆ. ಅವನ್ನು ಸರಿಮಾಡಬಲ್ಲೆ. ನನ್ನಿಂದ ಆಗದ ಫೋನುಗಳೇ ಬೇರೆ. ಅವುಗಳ ತೆರೆ ಚೆನ್ನಾಗಿರುತ್ತದೆ, ಬೋರ್ಡಿಗೆ ಏನೂ ಆಗಿರುವುದಿಲ್ಲ, ಮೈಕು, ಸ್ಪೀಕರು, ಕ್ಯಾಮೆರಾ ಎಲ್ಲ ಸರಿ. ಆದರೆ ಆಫೀಸಿನ ಆಪ್ ಈ ಫೋನಿಗೆ ಹೊಂದುವುದಿಲ್ಲ ಎನ್ನುತ್ತದೆ, ಇಲ್ಲವೇ ಅರ್ಧ ತೆರೆದು ಹ್ಯಾಂಗ್ ಆಗುತ್ತದೆ. ‘ಹೊಸ ಸಾಫ್ಟ್‌ವೇರ್ ಹಾಕಿಕೊಡಿ ಅಣ್ಣಾ’ ಎಂದು ಅಂಗನವಾಡಿ ಅಕ್ಕಂದಿರು ಕೇಳುತ್ತಾರೆ. ಹಾಕಲು ಕಂಪನಿ ಹೊಸದನ್ನು ಕಳಿಸಿಯೇ ಇಲ್ಲ. ಆ ಮಾಡೆಲಿನ ಲೆಕ್ಕ ಅವರು ಎಂದೋ ಮುಗಿಸಿರುತ್ತಾರೆ.

ಈ ಹೆಣ್ಣುಮಕ್ಕಳ ಕಷ್ಟ ನೀಲಗಿರಿಗೆ ಮಾತ್ರ ಸೀಮಿತವಲ್ಲ. ಅಂಗನವಾಡಿಯ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಆಪ್ ಬಂದ 2021ರಲ್ಲೇ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟಿದ್ದ ಫೋನುಗಳನ್ನು ಸರ್ಕಾರಕ್ಕೇ ವಾಪಸ್ ಮಾಡಿ ಪ್ರತಿಭಟಿಸಿದರು. ನಮ್ಮ ಕಾಡಿನ ವಾಚರುಗಳ ಗಸ್ತೂ ಈಗ ಫೋನಿನಲ್ಲೇ ದಾಖಲಾಗುತ್ತದೆ. 2018ರ ಹುಲಿಗಣತಿಯಿಂದ ಎಂ-ಸ್ಟ್ರೈಪ್ಸ್ ಆಪ್ ಕಾಡಿನ ಕೆಲಸದ ಭಾಗವೇ ಆಗಿದೆ. ಮಗುವಿನ ತೂಕದಿಂದ ಹುಲಿಯ ಹೆಜ್ಜೆಯವರೆಗೆ ಎಲ್ಲವೂ ಫೋನಿನೊಳಗೆ ಹೋಗುತ್ತಿರುವಾಗ, ಆ ಫೋನು ಎಷ್ಟು ವರ್ಷ ಬಾಳಬೇಕು ಎಂಬುದನ್ನು ದೂರದ ಯಾರೋ ತೀರ್ಮಾನಿಸುತ್ತಿದ್ದಾರೆ. ನನ್ನ ಚಿಂತೆ ಅದೇ.

ಒಂದು ಉದಾಹರಣೆ ಕೊಡುತ್ತೇನೆ. ಪೋಕೊ ಎಫ್1 ಭಾರತಕ್ಕೆ ಬಂದದ್ದು 2018ರ ಆಗಸ್ಟ್‌ನಲ್ಲಿ, ಆಂಡ್ರಾಯ್ಡ್ 8.1 ಇಟ್ಟುಕೊಂಡು. ಕಂಪನಿಯ ಕಡೆಯಿಂದ ಅದು ಆಂಡ್ರಾಯ್ಡ್ 10ಕ್ಕೆ ನಿಂತಿತು. ಅದರೊಳಗಿನ ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್ ಮಾತ್ರ ಇವತ್ತಿಗೂ ಗಟ್ಟಿಮುಟ್ಟು. ಹೀಗೇಕೆ ಆಗುತ್ತದೆಂದು ಗಿರಾಕಿಗಳು ಕೇಳಿದಾಗ ನಾನು ಹೇಳುವುದು ಇಷ್ಟು: ಆಂಡ್ರಾಯ್ಡಿನ ತಳದಲ್ಲೂ ಇರುವುದು ಲಿನಕ್ಸ್ ಕರ್ನಲ್ಲೇ, ಅಂದರೆ ಲಿನಕ್ಸಿನ ತಿರುಳೇ, 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು. ಚಿಪ್ ಕಂಪನಿ ಅದರ ಒಂದು ಪ್ರತಿಯನ್ನು ತೆಗೆದುಕೊಂಡು ತನಗೆ ಬೇಕಾದ್ದನ್ನು ಸೇರಿಸುತ್ತದೆ. ಅದರ ಮೇಲೆ ಫೋನ್ ಕಂಪನಿ ತನ್ನದನ್ನು ಸೇರಿಸುತ್ತದೆ. ಮೂಲ ಕರ್ನಲ್ ವರ್ಷವರ್ಷ ಮುಂದಕ್ಕೆ ಹೋಗುತ್ತಿರುತ್ತದೆ, ಫೋನಿನೊಳಗಿನ ಪ್ರತಿ ಹುಟ್ಟಿದಲ್ಲೇ ಉಳಿಯುತ್ತದೆ. ಚಿಪ್ ಕಂಪನಿ ಕೈಬಿಟ್ಟಿತೋ, ಫೋನ್ ಕಂಪನಿಯೂ ಕೈಬಿಡುತ್ತದೆ. ಆಮೇಲೆ ಸಿಗುವ ಭದ್ರತೆಯ ಲೋಪಗಳಿಗೆ ಯಾರೂ ಹೊಣೆಯಲ್ಲ. ಮಕ್ಕಳ, ಬಾಣಂತಿಯರ ವಿವರಗಳಿರುವ ಫೋನುಗಳನ್ನು ಹಾಗೆ ಬಿಡುವುದು ಸರಿಯಲ್ಲ.

ಅದೇ ಪೋಕೊ ಎಫ್1 ಈಗ ಹೊಸ ಲಿನಕ್ಸ್ ಕರ್ನಲ್ ಮೇಲೆ ಓಡುತ್ತದೆ. ಆ ಫೋನಿಗೆ ಅದನ್ನು ಸಿದ್ಧಮಾಡಿ ಕೊಡುತ್ತಿರುವುದು ಫೋನ್ ಕಂಪನಿಯಲ್ಲ, ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಸಮುದಾಯ. 2017ರಲ್ಲಿ ಜರ್ಮನಿಯ ಆಲಿವರ್ ಸ್ಮಿತ್ ಅದನ್ನು ಆರಂಭಿಸಿದಾಗ ಹೇಳಿಕೊಂಡ ಗುರಿ, ಒಂದು ಫೋನಿಗೆ ಹತ್ತು ವರ್ಷದ ಬಾಳು. ಆಲ್ಪೈನ್ ಎಂಬ ತೀರ ಹಗುರವಾದ ಲಿನಕ್ಸ್ ಅದರ ಅಡಿಪಾಯ. 2015ರಲ್ಲಿ ನಮ್ಮ ದೇಶದಲ್ಲಿ ಮಾರಾಟವಾದ ರೆಡ್‌ಮಿ 2ರಂಥ ಸಣ್ಣ ಫೋನಿನ ಮೇಲೂ ಅವರು ಅದನ್ನು ಕೂರಿಸಿದ್ದಾರೆ. ಅದೇ 2017ರ ಏಪ್ರಿಲ್‌ನಲ್ಲಿ ಕ್ಯಾನೊನಿಕಲ್ ಕಂಪನಿ ಫೋನಿಗೆಂದು ಮಾಡಿದ್ದ ಲಿನಕ್ಸ್ ಆದ ಉಬುಂಟು ಟಚ್ ಕೈಬಿಡುವುದಾಗಿ ಸಾರಿದಾಗ ಯುಬಿಪೋರ್ಟ್ಸ್ ಎಂಬ ಸ್ವಯಂಸೇವಕರ ಗುಂಪು ಅದನ್ನು ಎತ್ತಿಕೊಂಡಿತು, ಇವತ್ತಿಗೂ ಸಾಕುತ್ತಿದೆ. ಡೆಬಿಯನ್ ಎಂಬ ಲಿನಕ್ಸ್ ಬಳಸುವವರು ಫೋನಿಗಾಗಿ ಮೋಬಿಯನ್ ಕಟ್ಟಿಕೊಂಡಿದ್ದಾರೆ. ಇವೆಲ್ಲ ಉಚಿತ. ಅದಕ್ಕಿಂತ ದೊಡ್ಡ ವಿಷಯ, ಇವುಗಳ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಮುಂದುವರಿಸಬಹುದು.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವೇನಲ್ಲ. ಕಲ್ಲಾರಿನಿಂದ ಕೂನೂರಿಗೆ ಹಲ್ಲುಹಳಿ ಹಿಡಿದು ಏರುವ ರೈಲನ್ನೇ ನೋಡಿ. ಆ ಎಕ್ಸ್ ದರ್ಜೆಯ ಉಗಿ ಎಂಜಿನ್ನುಗಳು ಸ್ವಿಟ್ಜರ್‌ಲೆಂಡಿನ ವಿಂಟರ್‌ಟೂರ್‌ನಲ್ಲಿ ತಯಾರಾಗಿ ಬಂದವು, ಕೊನೆಯ ಕಂತು ಬಂದದ್ದು 1952ರಲ್ಲಿ. ಅವನ್ನು ಮಾಡುತ್ತಿದ್ದವರು ಮಾಡುವುದನ್ನು ನಿಲ್ಲಿಸಿದರು ಎಂದು ನಾವು ಹಳಿ ಕಿತ್ತುಹಾಕಲಿಲ್ಲ. ಕೂನೂರು ಶೆಡ್ಡಿನ ಕೆಲಸಗಾರರು ಬಿಡಿಭಾಗಗಳನ್ನು ಅರಿತುಕೊಂಡರು, ತಿರುಚ್ಚಿರಾಪ್ಪಳ್ಳಿಯ ಪೊನ್ಮಲೈ ವರ್ಕ್‌ಶಾಪ್ ಅದೇ ದರ್ಜೆಯ ಹೊಸ ಎಂಜಿನ್ನನ್ನೇ ಕಟ್ಟಿಕೊಟ್ಟಿತು. ಎಂಜಿನ್ನನ್ನು ಬಿಚ್ಚಿ ನೋಡುವ, ಅಳತೆ ತೆಗೆಯುವ, ಮತ್ತೆ ಮಾಡುವ ಅಧಿಕಾರ ನಮ್ಮವರ ಕೈಯಲ್ಲಿತ್ತು. 2005ರಲ್ಲಿ ಯುನೆಸ್ಕೊ ಆ ರೈಲನ್ನು ವಿಶ್ವ ಪರಂಪರೆ ಎಂದು ಗುರುತಿಸಿತು. ಅಷ್ಟು ವರ್ಷ ಅದನ್ನು ಬದುಕಿಸಿಟ್ಟವರು ಮೆಕ್ಯಾನಿಕ್ಕುಗಳು. ಫೋನಿನ ಮೆಕ್ಯಾನಿಕ್ಕಾಗಿ ನಾನು ಬೇಡುತ್ತಿರುವುದೂ ಅದೇ ಅಧಿಕಾರ.

ಈಗ ಅಡ್ಡಿಗಳ ಮಾತು. ಮುಚ್ಚಿಟ್ಟು ತಮ್ಮಿಂದ ಒಪ್ಪಿಗೆ ಪಡೆಯುವುದು ನನಗೆ ಬೇಡ.

ಎಲ್ಲಕ್ಕಿಂತ ದೊಡ್ಡದು ಕರೆಯ ತೊಂದರೆ. ಜಿಯೋ ಜಾಲದಲ್ಲಿ 2ಜಿ, 3ಜಿ ಎರಡೂ ಇಲ್ಲ, ಅಲ್ಲಿ 4ಜಿ ಫೋನಿನ ಕರೆ ಹೋಗುವುದು 4ಜಿ ಜಾಲದಲ್ಲೇ ದನಿ ಸಾಗಿಸುವ ವಿಒಎಲ್‌ಟಿಇ ಮೂಲಕ. ಸಮುದಾಯದ ಲಿನಕ್ಸ್‌ಗಳಲ್ಲಿ ವಿಒಎಲ್‌ಟಿಇ ಕೆಲವೇ ಮಾಡೆಲುಗಳಲ್ಲಿ ಸರಿಯಾಗಿ ನಡೆಯುತ್ತದೆ. 2ಜಿ ಇರುವ ಬಿಎಸ್‌ಎನ್‌ಎಲ್, ಏರ್‌ಟೆಲ್ ಸಿಮ್ ಹಾಕಿದರೆ ಸಿಗ್ನಲ್ ಇರುವಲ್ಲಿ ಮಾತಾಡಬಹುದು. ಆದರೆ ದೇವರ್‌ಶೋಲೆ, ಓವ್ಯಾಲಿ ಕಡೆ ರಾತ್ರಿ ಹೊತ್ತು ಆನೆ ಅಂಗಳಕ್ಕೆ ಬಂದಾಗ, ಹೆರಿಗೆ ನೋವು ಬಂದು 108ಕ್ಕೆ ಕರೆಯಬೇಕಾದಾಗ, ‘ಮಾತಾಡಬಹುದು’ ಎಂಬ ಭರವಸೆ ಸಾಲದು. ಆದ್ದರಿಂದ ಯಾರ ಕೈಯ ಒಂದೇ ಫೋನನ್ನೂ ಕಿತ್ತುಕೊಂಡು ಲಿನಕ್ಸ್ ಹಾಕಿ ಎಂದು ನಾನು ಹೇಳುವುದಿಲ್ಲ. ಪೋಷಣ್ ಟ್ರ್ಯಾಕರ್ ಆಂಡ್ರಾಯ್ಡಿಗೆಂದೇ ಮಾಡಿದ್ದು. ಬ್ಯಾಂಕು, ಯುಪಿಐ ಆಪ್‌ಗಳನ್ನು ಈ ಫೋನುಗಳ ಮೇಲೆ ನಂಬಿಕೊಳ್ಳುವಂತಿಲ್ಲ. ಕೆಲವು ಮಾಡೆಲುಗಳಲ್ಲಿ ಕ್ಯಾಮೆರಾ ಕೈಕೊಡುತ್ತದೆ. ಉಬ್ಬಿದ ಬ್ಯಾಟರಿಯನ್ನು ಯಾವ ಸಾಫ್ಟ್‌ವೇರೂ ಸರಿಮಾಡದು, ಅದನ್ನು ತೆಗೆದು ಹುಷಾರಾಗಿ ವಿಲೇವಾರಿ ಮಾಡಲೇಬೇಕು. ನಾನು ಮಾತಾಡುತ್ತಿರುವುದು ಬೀರು ಸೇರಿದ, ಯಾರೂ ಕೇಳದ ಫೋನುಗಳ ಬಗ್ಗೆ.

ಅವುಗಳಿಂದ ಏನು ಮಾಡಬಹುದು ಎಂದು ತಾವು ಕೇಳಬಹುದು. ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆ ಓದಲು ಕಿವಿಕ್ಸ್ ಎಂಬ ತಂತ್ರಾಂಶವಿದೆ. ಕನ್ನಡ, ತಮಿಳು ವಿಕಿಪೀಡಿಯಗಳನ್ನು ತುಂಬಿದ ಒಂದು ಹಳೆ ಫೋನು ಮಾಯಾರಿನಂಥ ಕಡೆಯ ಶಾಲೆಯ ತರಗತಿಗೆ ವೈಫೈ ಮೂಲಕ ಆ ಪುಟಗಳನ್ನು ಬಡಿಸಬಲ್ಲದು, ಹೊರಗಿನ ಟವರಿನ ಹಂಗಿಲ್ಲದೆ. 2019ರ ಆಗಸ್ಟ್‌ನಲ್ಲಿ ಅವಲಾಂಚೆಯಲ್ಲಿ ಒಂದೇ ದಿನ 80 ಸೆಂ.ಮೀ. ಮೀರಿ ಮಳೆ ಸುರಿದದ್ದು ತಮಗೆ ಗೊತ್ತಿರುವುದೇ. ಕಣಿವೆಗೊಂದು ಮಳೆಮಾಪಕಕ್ಕೆ ಇಂಥ ಫೋನು ಜೋಡಿಸಿದರೆ ಲೆಕ್ಕ ಬರೆದಿಟ್ಟು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಕರೆಂಟು ಹೋದರೂ ಒಳ್ಳೆಯ ಬ್ಯಾಟರಿಯಿದ್ದರೆ ಒಂದಿಷ್ಟು ಹೊತ್ತು ನಡೆಯುತ್ತದೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದವರು ಹಳೆ ಫೋನುಗಳ ಬ್ಯಾಟರಿ ಕಳಚಿ, ಲಿನಕ್ಸ್ ಹಾಕಿ, ಸಾಲಾಗಿ ಜೋಡಿಸಿ ಪುಟ್ಟ ಡೇಟಾ ಸೆಂಟರನ್ನೇ ಮಾಡಿ 2025ರಲ್ಲಿ ತೋರಿಸಿದ್ದಾರೆ. ಸಮುದ್ರದಡಿಯ ಜೀವಿಗಳನ್ನು ಗುರುತಿಸುವ ಕೆಲಸಕ್ಕೂ ಅದನ್ನು ಪರೀಕ್ಷಿಸಿದರು. ಅಲ್ಲಿ ನೀರಿನಡಿ ನಡೆದದ್ದು ನಮ್ಮ ಕಾಡಿನ ಅಂಚಿನಲ್ಲಿ ಏಕೆ ನಡೆಯಬಾರದು? ಹಕ್ಕಿಗಳ ದನಿ ದಾಖಲಿಸಲು, ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನು ಬೇರ್ಪಡಿಸಲು ಬೇಕಾದ ಕಂಪ್ಯೂಟರು ಆ ಬೀರುವಿನಲ್ಲೇ ಇದೆ.

ಭಾಷೆಯ ಮಾತನ್ನೂ ಇಲ್ಲೇ ಹೇಳಬೇಕು. ಬಡಗರು, ತೋಡರು, ಕೋತರು, ಕುರುಂಬರು, ಇರುಳರು, ಪಣಿಯರು ಇರುವ ಜಿಲ್ಲೆ ನಮ್ಮದು. ಬಡಗ ಮಾತಿನಲ್ಲಿ ಮೆನು ತೋರಿಸುವ ಒಂದು ಫೋನನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಉಬುಂಟು ಟಚ್‌ನ ಅನುವಾದವನ್ನು ಯಾರು ಬೇಕಾದರೂ ವೆಬ್‌ಲೇಟ್ ಎಂಬ ಅನುವಾದದ ತಾಣದಲ್ಲಿ ಮಾಡಬಹುದು, ಕಂಪನಿಯ ಅಪ್ಪಣೆ ಬೇಡ. ಕನ್ನಡದ ಕೆಲಸ ಅಲ್ಲಿ ಎಷ್ಟೋ ಬಾಕಿಯಿದೆ, ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಫಾಂಟುಗಳು ಮಾತ್ರ ಸಿದ್ಧವಾಗಿ ಕೂತಿವೆ. ಕಾಲೇಜು ಮಕ್ಕಳು ಮನಸ್ಸು ಮಾಡಿದರೆ ಅಜ್ಜಿ ಆಡುವ ಮಾತು ಫೋನಿನ ತೆರೆಯ ಮೇಲೆ ಬರುತ್ತದೆ.

ಸರ್ಕಾರಗಳಿಗೆ ಇದು ಅಪರಿಚಿತ ದಾರಿಯಲ್ಲ. ನಾಡುಕಾಣಿ ಘಾಟಿ ಇಳಿದರೆ, ಅಥವಾ ವಯನಾಡಿನ ಕಡೆ ಹೊರಳಿದರೆ, ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್ ಲ್ಯಾಪ್‌ಟಾಪುಗಳಲ್ಲೇ ಕಲಿಯುತ್ತಾರೆ. 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾದ ಆ ಯೋಜನೆ ಈಗ ಕೈಟ್ ಎಂಬ ಹೆಸರಿನಲ್ಲಿ ತನ್ನದೇ ಲಿನಕ್ಸ್ ತಯಾರಿಸಿ ಹಂಚುತ್ತದೆ. ಗೂಡಲೂರಿನ ಎಷ್ಟೋ ಮನೆಗಳ ನೆಂಟರ ಮಕ್ಕಳು ಅಲ್ಲಿ ಓದುತ್ತಿದ್ದಾರೆ. ನಮ್ಮ ತಮಿಳುನಾಡೂ ಹಿಂದೆ ಬಿದ್ದಿರಲಿಲ್ಲ. 2011ರಲ್ಲಿ ಶುರುವಾದ ಯೋಜನೆಯಡಿ ಮಕ್ಕಳಿಗೆ ಕೊಟ್ಟ ಉಚಿತ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಪಕ್ಕದಲ್ಲಿ ಚೆನ್ನೈ ಸಿ-ಡ್ಯಾಕ್ ತಯಾರಿಸಿದ ಬಾಸ್ ಲಿನಕ್ಸ್ ಇತ್ತು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಐಐಟಿ ಮದ್ರಾಸಿನ ಆಸರೆಯಲ್ಲಿ ಬೆಳೆದ ಕಂಪನಿಯೊಂದು 2023ರ ಜನವರಿಯಲ್ಲಿ ಭರೋಸ್ ಎಂಬ ಮೊಬೈಲ್ ವ್ಯವಸ್ಥೆಯನ್ನು ತೋರಿಸಿತು. ಅದು ನಮ್ಮ ನೆಲದ್ದೆಂಬ ಹೆಮ್ಮೆ ನನಗೂ ಇದೆ. ಆದರೆ ಅದರ ಕೀಲಿಯೂ ಒಂದು ಕಂಪನಿಯ ಕೈಯಲ್ಲಿದ್ದರೆ ನಾವು ಮತ್ತೆ ಅದೇ ಬಾಗಿಲ ಮುಂದೆ ನಿಂತಂತೆ. ಸಮುದಾಯದ ಲಿನಕ್ಸ್ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಈ ಜಿಲ್ಲೆಯ ಆಡಳಿತದ ಮೇಲೆ ನನಗೆ ನಂಬಿಕೆ ಇರುವುದಕ್ಕೆ ಆಧಾರವಿದೆ. 2000ರ ಆಸುಪಾಸಿನಲ್ಲೇ, ಆಗ ಇಲ್ಲಿ ಜಿಲ್ಲಾಧಿಕಾರಿಯಾಗಿದ್ದ ಸುಪ್ರಿಯಾ ಸಾಹು ಪ್ಲಾಸ್ಟಿಕ್ ವಿರುದ್ಧ ಆಪರೇಷನ್ ಬ್ಲೂ ಮೌಂಟನ್ ನಡೆಸಿದರು. 2019ರಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಗೂ ನಿಷೇಧ ಬಂದು ರಸ್ತೆಬದಿಯಲ್ಲಿ ನೀರಿನ ಎಟಿಎಂಗಳು ನಿಂತವು. ಪ್ರವಾಸಿಯ ಕೈಯಿಂದ ಬಾಟಲಿ ಬಿಡಿಸಿದ ಜಿಲ್ಲೆ ತನ್ನ ಕಚೇರಿಯ ಫೋನು ಕಸವಾಗುವುದನ್ನು ತಡೆಯಬಲ್ಲದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ, ನಿಜ. ಆದರೆ ಕರಗಿಸಿ ಲೋಹ ತೆಗೆಯುವುದು ಕೊನೆಯ ಹೆಜ್ಜೆಯಾಗಬೇಕು. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ, ಒಂದು ಮಾಡೆಲಿನ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್, 7 ವರ್ಷ ಬಿಡಿಭಾಗ ಕೊಡಬೇಕೆಂದು ಕಂಪನಿಗಳನ್ನು ಕಟ್ಟಿಹಾಕಿದೆ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಟೆಂಡರಿನ ಷರತ್ತೇ ನಮ್ಮ ಬಲ.

ಇನ್ನೊಂದು ಒಳ್ಳೆಯ ಕೆಲಸ ಇಲ್ಲಿ ಆಗಲೇ ಆಗಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಂದು ಶುರುವಾದ, ಜಿಲ್ಲೆಗೆ ಬರುವ ವಾಹನಗಳ ಇ-ಪಾಸನ್ನು ವೆಬ್‌ಸೈಟಿನಲ್ಲಿ ಪಡೆಯಬಹುದು. ಬ್ರೌಸರ್ ಇದ್ದರೆ ಸಾಕು, ಆಂಡ್ರಾಯ್ಡೋ ಐಫೋನೋ ಲಿನಕ್ಸೋ ಎಂದು ಅದು ಕೇಳುವುದಿಲ್ಲ. ಜಿಲ್ಲಾಡಳಿತ ಮುಂದೆ ತರುವ ಪ್ರತಿಯೊಂದು ಸೇವೆಯೂ ಹೀಗೆ ಬ್ರೌಸರಿನಲ್ಲಿ ತೆರೆಯುವಂತೆ ನೋಡಿಕೊಳ್ಳಿ. ಆಪ್ ಬೇಕಿದ್ದರೆ ಅದರ ಜೊತೆಗೆ ಇರಲಿ. ಆಗ ಹಳೆ ಫೋನಿನ ಬಡವನೂ ಸರತಿಯಲ್ಲಿ ಉಳಿಯುತ್ತಾನೆ.

ಮೊದಲಿಗೆ ಇಪ್ಪತ್ತು ಫೋನು ಸಾಕು. ಕೊಡುವ ಮುನ್ನ ಇಲಾಖೆಯವರೇ ಎದುರು ನಿಂತು ಒಳಗಿನ ಮಾಹಿತಿಯನ್ನು ಪೂರ್ತಿ ಅಳಿಸಲಿ, ಅಳಿಸಿದ್ದಕ್ಕೆ ಸಹಿ ಮಾಡಲಿ. ಎಲ್ಲ ಮಾಡೆಲಿಗೂ ಲಿನಕ್ಸ್ ಹೊಂದುವುದಿಲ್ಲ, ಕೆಲವು ಕಂಪನಿಗಳು ಬೂಟ್‌ಲೋಡರ್ ಬೀಗ ತೆಗೆಯಲು ಬಿಡುವುದೇ ಇಲ್ಲ. ಹಾಗಾಗಿ ಫೋನುಗಳಿಗಿಂತ ಮುಂಚೆ ನನಗೆ ಬೇಕಾದದ್ದು ಬೀರುವಿನಲ್ಲಿರುವ ಮಾಡೆಲುಗಳ ಪಟ್ಟಿ. ಅದು ಕೈಗೆ ಬಂದರೆ ಯಾವುದಕ್ಕೆ ಯಾವ ವ್ಯವಸ್ಥೆ ಹಾಕಬಹುದು, ಯಾವುದರಲ್ಲಿ ಏನು ನಡೆಯುವುದಿಲ್ಲ, ಯಾವುದನ್ನು ಬಿಡಿಭಾಗಕ್ಕೆಂದು ಇಟ್ಟುಕೊಳ್ಳಬೇಕು ಎಂದು ಬರೆದು ತಮ್ಮ ಕಚೇರಿಗೆ ತಲುಪಿಸುತ್ತೇನೆ. ಭಾನುವಾರಗಳಲ್ಲಿ ನನ್ನ ಅಂಗಡಿಯ ಮೇಜು, ಸೋಲ್ಡರಿಂಗ್ ಐರನ್, ಎರಡು ಲ್ಯಾಪ್‌ಟಾಪು ಮಕ್ಕಳಿಗೆ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗೂಡಲೂರಿನ ಒಬ್ಬ ಮೊಬೈಲ್ ರಿಪೇರಿಯವ