ಗೆರೆ ಎಳೆಯುವವರು ಒಮ್ಮೆ ಮರಳಿಗಿಳಿಯಲಿ

"ಈಗೆಲ್ಲ ಸ್ಯಾಟಲೈಟ್ ಇದೆಯಲ್ಲ ಗುರು, ಕಡಲತೀರ ಕಾಯೋಕೆ ಊರಿನ ಜನರನ್ನ ಯಾಕೆ ಕೇಳಬೇಕು?" ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಕೇಳಿದ. ಎರಡು ತಿಂಗಳಿಗೊಮ್ಮೆ ಗೋಕರ್ಣಕ್ಕೆ ಬೈಕ್ ಓಡಿಸುವವನು, ಕಡಲೆಂದರೆ ಪ್ರೀತಿ ಇರುವವನೇ. ಅದಕ್ಕೇ ಆ ಮಾತು ಕೇಳಿ ಹೆದರಿಕೆಯಾಯಿತು.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಉಪಗ್ರಹ ಚಿತ್ರ ಇಲ್ಲದೆ ಇವತ್ತು ಕರಾವಳಿ ನಿರ್ವಹಣೆ ಸಾಧ್ಯವಿಲ್ಲ. ಸೆಂಟಿನೆಲ್-2ರ ಚಿತ್ರಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಅದರ ಸ್ಪಷ್ಟ ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳ ಪಕ್ಕ ಇಟ್ಟರೆ ಉಳ್ಳಾಲದ ಕಡಲ್ಕೊರೆತವನ್ನು ಬೆಂಗಳೂರಲ್ಲಿ ಕೂತೇ ನೋಡಬಹುದು.

ನನ್ನ ತಕರಾರು ಇರೋದು ಆ ಚಿತ್ರ ಗೆರೆಯಾಗಿ, ಗೆರೆ ಕಾನೂನಾಗುವ ಕಡೆ. ಸಿಆರ್‌ಝಡ್ ಲೆಕ್ಕ ಶುರುವಾಗುವುದು ಹೈ ಟೈಡ್ ಲೈನ್‌ನಿಂದ, ಅಂದರೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು ಹತ್ತುವ ಗಡಿಯಿಂದ. 2011ರ ಅಧಿಸೂಚನೆಯಂತೆ ಹಳ್ಳಿಗಾಡಿನ ತೀರದಲ್ಲಿ ಅಲ್ಲಿಂದ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ. 2019ರದ್ದು ಬಂತು, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿತು.

ಈಗ ಸ್ಕೇಲ್ ಹಿಡಿಯಿರಿ. ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆ 1:25,000ರದ್ದು. ಅದರಲ್ಲಿ ಒಂದು ಮಿಲಿಮೀಟರ್ ಅಂದರೆ 25 ಮೀಟರ್. ಆ 50 ಮೀಟರ್ ಪೂರ್ತಿ ಎರಡೇ ಮಿಲಿಮೀಟರ್! ಗೆರೆ ಒಂದು ಕೂದಲೆಳೆ ಆಚೀಚೆ ಆದರೆ ಒಬ್ಬರ ಮನೆ ಒಳಗೆ, ಇನ್ನೊಬ್ಬರ ರೆಸಾರ್ಟ್ ಹೊರಗೆ. ಝೂಮ್ ಮಾಡಿದರೆ ಗೆರೆ ದೊಡ್ಡದಾಗಿ ಕಾಣುತ್ತದೆ, ಅಳತೆ ಸರಿಯಾಗುವುದಿಲ್ಲ. ಸರ್ವೆ ನಂಬರ್ ತೋರಿಸುವ ಹಳ್ಳಿಮಟ್ಟದ ನಕ್ಷೆ ಬೇಕೆಂದರೆ 1:4,000ಕ್ಕೆ ಹೋಗಬೇಕು. ಅಲ್ಲಿ ಮಿಲಿಮೀಟರಿಗೆ ನಾಲ್ಕೇ ಮೀಟರ್.

ಇನ್ನು ಉಪಗ್ರಹಕ್ಕೆ "ಖಾಲಿ ಮರಳು" ಅಂತ ಕಾಣುವ ಜಾಗ. ಅಲ್ಲಿ ಮೀನು ಒಣಗಿಸುತ್ತಾರೆ, ಕೈರಂಪಣಿ ಬಲೆ ಎಳೆಯುತ್ತಾರೆ, ಮಳೆಗಾಲದಲ್ಲಿ ದೋಣಿ ಮೇಲಕ್ಕೆ ತಂದಿಡುತ್ತಾರೆ. ಮೀನುಗಾರರ ಹಳ್ಳಿ, ಅವರ ಸಾಮೂಹಿಕ ಜಾಗ, ಮೀನು ಒಣಗಿಸುವ ತಾಣ ಎಲ್ಲವೂ ನಕ್ಷೆಯಲ್ಲಿರಬೇಕು ಎಂದು 2011ರ ಅಧಿಸೂಚನೆಯೇ ಹೇಳಿತ್ತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಬೀದಿಗಿಳಿದದ್ದು ಇಂಥದ್ದೇ ಮರಳಿಗಾಗಿ. ಕಡಲಾಮೆ ಮೊಟ್ಟೆ ಇಡುವ ಮರಳೂ ಅದೇ. ಇದ್ಯಾವುದನ್ನೂ ಪಿಕ್ಸೆಲ್ ತಾನಾಗಿ ಹೇಳುವುದಿಲ್ಲ. ಯಾರಾದರೂ ಹೋಗಿ ಕೇಳಿ, ಜಿಪಿಎಸ್ ಹಿಡಿದು ಗುರುತು ಹಾಕಬೇಕು.

ಹಾಗಾಗಿ ಬೇಡಿಕೆ ಮೂರೇ. 1:4,000ರ ನಕ್ಷೆ ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ, ಮೊಬೈಲಿನಲ್ಲಿ ತೆರೆಯುವಂತಿರಲಿ. ಚಿತ್ರ ತೆಗೆದ ದಿನ ಯಾವುದು, ಆಗ ಉಬ್ಬರ ಎಷ್ಟಿತ್ತು ಅಂತ ಅದರ ಮೇಲೇ ಬರೆದಿರಲಿ. ಅಂತಿಮ ಮುದ್ರೆ ಒತ್ತುವ ಮೊದಲು ಆ ಊರಿನ ಮೀನುಗಾರರ ಜೊತೆ ತೀರದುದ್ದಕ್ಕೂ ನಡೆದು ಗೆರೆ ತಿದ್ದಲಿ.

ನಮ್ಮಲ್ಲಿ ಎಷ್ಟೋ ಜನರ ಹೊಟ್ಟೆಪಾಡೇ ಡೇಟಾ. ಕೊಟ್ಟ ಡೇಟಾವನ್ನು ಪರೀಕ್ಷಿಸದೆ ಪ್ರೊಡಕ್ಷನ್‌ಗೆ ಬಿಟ್ಟರೆ ಮ್ಯಾನೇಜರ್ ಸುಮ್ಮನಿರ್ತಾರಾ? ಇಲ್ಲಿ ತಪ್ಪಾದರೆ ಹೋಗೋದು ಒಬ್ಬರ ಸೂರು. ಮುಂದಿನ ಸಲ ಗೋಕರ್ಣಕ್ಕೆ ಹೋದಾಗ ಸೂರ್ಯಾಸ್ತದ ಫೋಟೊ ತೆಗೀರಿ, ಬೇಡ ಅನ್ನಲ್ಲ. ಜೊತೆಗೆ ಬಲೆ ಹೆಣೆಯುತ್ತ ಕೂತ ಅಜ್ಜನ ಹತ್ತಿರ ಹೋಗಿ, "ಅಜ್ಜಾ, ನೀರು ಎಲ್ಲೀವರೆಗೆ ಬರ್ತದೆ?" ಅಂತಲೂ ಕೇಳಿ. ಆಮೇಲೆ ನಕ್ಷೆ ತೆರೆದು ನೋಡಿ.