ಕಾಣದ ವಟಾವು



ಈಚೆಗೆ ಒಂದು ಸೋಮವಾರ ಖಾನಾಪುರದಿಂದ ತಂದೆ-ಮಗ ಇಬ್ಬರು ನಮ್ಮನ್ನು ಕಾಣಲು ಬೆಳಗಾವಿಗೆ ಬಂದಿದ್ದರು. ತಲೆಮಾರುಗಳಿಂದ ಮಣ್ಣಿನ ಕಾಯಕವನ್ನೇ ನಂಬಿ ಬಂದ ಮನೆತನವದು. ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದುದೆಂಬುದು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ತಂದೆಯ ಕೈಯಲ್ಲಿ ಮನೆಯ ಕಿರ್ದಿ ಪುಸ್ತಕವಿತ್ತು, ಮಗನ ಕೈಯಲ್ಲಿ ಮೊಬೈಲು. ಇಬ್ಬರ ಮುಖದಲ್ಲಿಯೂ ಪ್ರಸನ್ನತೆ ಇರಲಿಲ್ಲ.

“ಗುರುಗಳ, ಇವಾ ಭಟ್ಟಿ ಕಾವು ಅಳಿಯೂ ಯಂತ್ರಾ ಪರದೇಶದಿಂದ ತರಿಸ್ಯಾನ್ರಿ. ನೂರು ಡಾಲರ್ ಅಂದಿದ್ದ. ಒಂಬತ್ತು ಸಾವಿರ ಅಂತ ಬರದಿಟ್ಟೆ. ಬ್ಯಾಂಕಿನ್ಯಾಗ ನೋಡಿದ್ರ ಒಂಬತ್ತೂವರಿ ಸಾವಿರದ ಮ್ಯಾಲ ಹೋಗೇತಿ. ಉಳಿದದ್ದು ಎಲ್ಲಿ ಹೋತು ಅಂದ್ರ ಗೊತ್ತಿಲ್ಲ ಅಂತಾನ್ರಿ” ಎಂದರು ಹಿರಿಯರು. ಮಗನು ತಲೆ ತಗ್ಗಿಸಿ, “ಅಪ್ಪಾ, ನಾ ಒಂದು ಪೈಸಾನೂ ಮುಟ್ಟಿಲ್ಲ” ಎಂದಷ್ಟೇ ನುಡಿದನು.

ಐನೂರು ಚಿಲ್ಲರೆ ರೂಪಾಯಿಯ ಮಾತು ದೊಡ್ಡದಲ್ಲ. ಆದರೆ ಅದರಿಂದ ತಂದೆ-ಮಕ್ಕಳ ನಡುವೆ ಹುಟ್ಟಿದ ಸಂಶಯವು ಚಿಕ್ಕದಲ್ಲ. ಆದಕಾರಣ ನಾವು ಆ ಲೆಕ್ಕವನ್ನು ಅವರ ಎದುರಿನಲ್ಲಿಯೇ ಬಿಡಿಸಿ ನೋಡಿದೆವು. ಇಂದು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು ಹೊರದೇಶದ ಪುಸ್ತಕ, ಉಪಕರಣ, ಔಷಧಿಗಳನ್ನು ಕುಳಿತಲ್ಲಿಂದಲೇ ತರಿಸುತ್ತಿರುವುದರಿಂದ, ಅಂದು ಕಂಡುದನ್ನು ಇಲ್ಲಿ ಅರುಹುವುದು ಉಚಿತವೆಂದು ಭಾವಿಸಿದ್ದೇವೆ.

ನಾಣ್ಯ ಬದಲಾಯಿಸುವವನು ತನ್ನ ಶ್ರಮಕ್ಕಾಗಿ ಹಿಡಿದುಕೊಳ್ಳುವ ಹಣಕ್ಕೆ ನಮ್ಮ ಕಡೆಯ ವರ್ತಕರು ‘ವಟಾವು’ ಎನ್ನುತ್ತಿದ್ದರು. ಖಾನಾಪುರ ತಾಲೂಕಿನ ಗಡಿಗೆ ಹೊಂದಿಕೊಂಡಿರುವ ಗೋವೆಯಲ್ಲಿ 1958ರವರೆಗೆ ಪೋರ್ಚುಗೀಸರ ರೂಪಿಯಾ, ಅನಂತರ 1961ರ ಡಿಸೆಂಬರಿನಲ್ಲಿ ವಿಮೋಚನೆಯಾಗುವವರೆಗೆ ಎಸ್ಕುಡೊ ನಡೆಯುತ್ತಿತ್ತು. ಘಟ್ಟದ ಆಚೆಗೊಂದು ನಾಣ್ಯ, ಈಚೆಗೊಂದು ನಾಣ್ಯ. ಅಂದಿನ ಕೈಬದಲಿಯಲ್ಲಿ ಕೊಟ್ಟದ್ದೆಷ್ಟು, ಬಂದದ್ದೆಷ್ಟು ಎಂಬುದು ಅಂಗೈಯಲ್ಲಿಯೇ ಎಣಿಕೆಗೆ ಸಿಗುತ್ತಿತ್ತು. ಇಂದು ಗಡಿ ದಾಟುವುದು ಕಾರ್ಡಿನ ಸಂಖ್ಯೆ ಮಾತ್ರ. ವಟಾವು ಉಳಿದಿದೆ, ಆದರೆ ಕಣ್ಣಿಗೆ ಬೀಳುವುದಿಲ್ಲ.

ಅದು ಅಡಗಿರುವ ಸ್ಥಳಗಳು ಮುಖ್ಯವಾಗಿ ಎರಡು.

ಮೊದಲನೆಯದು ನಮ್ಮ ಬ್ಯಾಂಕು. ಡಾಲರಿನಲ್ಲಿ ಹಣ ಸಂದಾಯ ಮಾಡಿದಾಗ ವೀಸಾ, ಮಾಸ್ಟರ್‌ಕಾರ್ಡ್ ಮೊದಲಾದ ಕಾರ್ಡ್ ಜಾಲಗಳು ತಮ್ಮ ದರದಂತೆ ಅದನ್ನು ರೂಪಾಯಿಗೆ ತಿರುಗಿಸುತ್ತವೆ. ಆ ಮೊತ್ತದ ಮೇಲೆ ಕಾರ್ಡು ಕೊಟ್ಟ ಬ್ಯಾಂಕು ಸಾಮಾನ್ಯವಾಗಿ ಶೇ. 2ರಿಂದ 3.5ರವರೆಗೆ ವಿದೇಶಿ ಹಣದ ಶುಲ್ಕವನ್ನು ಹಾಕುತ್ತದೆ. ಆ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಬೇರೆ.

ಎರಡನೆಯದು ಮಾರಾಟಗಾರನ ಅಂಗಡಿ. ಹಣ ಕೊಡುವ ಹೊತ್ತಿಗೆ ‘ಡಾಲರಿನಲ್ಲಿ ಕೊಡುವಿರೋ, ನಿಮ್ಮ ರೂಪಾಯಿಯಲ್ಲಿಯೇ ಕೊಡುವಿರೋ’ ಎಂದು ಪರದೆಯ ಮೇಲೆ ವಿನಯದಿಂದ ಕೇಳಲಾಗುತ್ತದೆ. ರೂಪಾಯಿ ನಮ್ಮದು, ಪರಿಚಿತವಾದುದು; ಕೈ ಸಹಜವಾಗಿ ಅದನ್ನೇ ಒತ್ತುತ್ತದೆ. ಆಗ ನಾಣ್ಯ ಬದಲಿಸುವವನು ಆ ಅಂಗಡಿಯವನು ಅಥವಾ ಅವನ ಮಧ್ಯವರ್ತಿ. ಅವನ ದರದಲ್ಲಿ ಅವನ ಲಾಭವೂ ಸೇರಿರುತ್ತದೆ. ಶುಲ್ಕವೆಂಬ ಹೆಸರಿನ ಸಾಲು ಕಾಣದಿದ್ದರೂ ಶುಲ್ಕವು ದರದ ಒಳಗೆ ಕುಳಿತಿರುತ್ತದೆ. ಇಷ್ಟಕ್ಕೇ ಮುಗಿಯಿತೆಂದಲ್ಲ. ರೂಪಾಯಿಯಲ್ಲಿಯೇ ಕೊಟ್ಟರೂ ಅಂಗಡಿ ಹೊರದೇಶದ್ದೆಂಬ ಕಾರಣದಿಂದ ಕೆಲವು ಬ್ಯಾಂಕುಗಳು ಶೇ. 1ರಷ್ಟು ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಹಿಡಿಯುತ್ತವೆ.

ಖಾನಾಪುರದ ಆ ಹುಡುಗನಿಗೆ ಆದುದು ಇದೇ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಎಂದು ಹಿಡಿಯೋಣ. ನೂರು ಡಾಲರಿಗೆ 9,000 ರೂ. ಆಯಿತು. ಅವನು ರೂಪಾಯಿಯನ್ನು ಒತ್ತಿದ್ದರಿಂದ ಅಂಗಡಿಯವನು 94.50ರ ದರ ಹಾಕಿ 9,450 ರೂ. ತೆಗೆದುಕೊಂಡನು. ಬ್ಯಾಂಕಿನ ಶೇ. 1ರ ಶುಲ್ಕ 94.50 ರೂ.; ಅದರ ಮೇಲಿನ ಜಿಎಸ್‌ಟಿ 17.01 ರೂ. ಒಟ್ಟು 9,561.51 ರೂ.

ಅದೇ ಹುಡುಗನು ಡಾಲರನ್ನು ಒತ್ತಿದ್ದರೆ? ಶೇ. 3.5 ಹಿಡಿಯುವ ಕಾರ್ಡಿನಲ್ಲಿ ಶುಲ್ಕ 315 ರೂ., ಜಿಎಸ್‌ಟಿ 56.70 ರೂ., ಒಟ್ಟು 9,371.70 ರೂ. ಶೇ. 2 ಹಿಡಿಯುವ ಕಾರ್ಡಿನಲ್ಲಿ ಶುಲ್ಕ 180 ರೂ., ಜಿಎಸ್‌ಟಿ 32.40 ರೂ., ಒಟ್ಟು 9,212.40 ರೂ. ವಸ್ತು ಒಂದೇ, ಅಂಗಡಿ ಒಂದೇ, ದಿನವೂ ಒಂದೇ. ಆದರೂ ಹಣ ಕೊಡುವ ದಾರಿಗಳಲ್ಲಿ 349 ರೂಪಾಯಿಯ ಅಂತರ.

ಹೀಗಿರುವಲ್ಲಿ ಗೃಹಸ್ಥರು ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಪರದೆಯ ಮೇಲೆ ಆಯ್ಕೆ ಬಂದಾಗ ಮಾರಾಟಗಾರನ ನಾಣ್ಯವನ್ನೇ ಆರಿಸುವುದು ಸಾಮಾನ್ಯವಾಗಿ ಲೇಸು. ಮನೆಯಲ್ಲಿ ಎರಡು ಮೂರು ಕಾರ್ಡುಗಳಿದ್ದರೆ ಪ್ರತಿಯೊಂದರ ವಿದೇಶಿ ಹಣದ ಶುಲ್ಕವೆಷ್ಟೆಂದು ಬ್ಯಾಂಕಿನ ಶುಲ್ಕಪಟ್ಟಿಯಲ್ಲಿ ಒಮ್ಮೆ ನೋಡಿ, ಕಿರ್ದಿಯ ಮೊದಲ ಪುಟದಲ್ಲಿ ಬರೆದಿಡಬೇಕು. ಕಾರ್ಡ್ ಜಾಲಗಳು ಆಯಾ ದಿನದ ದರವನ್ನು ತಮ್ಮ ಜಾಲತಾಣದಲ್ಲಿ ತೋರಿಸುತ್ತವೆ; ಅದರೊಡನೆ ಅಂಗಡಿಯವನ ದರವನ್ನು ಹೋಲಿಸಿದರೆ ಒಳಗಿನ ವಟಾವು ಹೊರಗೆ ಬರುತ್ತದೆ.

ಶುಲ್ಕವೇ ಇಲ್ಲದ ಕಾರ್ಡುಗಳೂ ಉಂಟು. ಆದರೆ ಅವುಗಳಲ್ಲಿ ಕೆಲವಕ್ಕೆ ವಾರ್ಷಿಕ ಶುಲ್ಕವಿರುತ್ತದೆ. ಅದು 500 ರೂಪಾಯಿಯಾದರೆ ಜಿಎಸ್‌ಟಿ ಸೇರಿ 590 ಆಗುತ್ತದೆ. ಶೇ. 3.5ರ ಶುಲ್ಕವು ಜಿಎಸ್‌ಟಿ ಸೇರಿ ಶೇ. 4.13 ಆಗುವುದರಿಂದ, ವರುಷಕ್ಕೆ ಸುಮಾರು 14,300 ರೂಪಾಯಿಗಿಂತ ಹೆಚ್ಚು ಹೊರದೇಶದ ಖರೀದಿ ಇರುವ ಮನೆಗೆ ಮಾತ್ರ ಅಂತಹ ಕಾರ್ಡು ಲಾಭಕರ. ವರುಷಕ್ಕೊಂದು ಪುಸ್ತಕ ತರಿಸುವವರಿಗೆ ಅದು ಹೊರೆಯೇ ಸರಿ.

ಇನ್ನೆರಡು ಮಾತು. ವಸ್ತುವನ್ನು ಮರಳಿಸಿದಾಗ ಹಣವು ಮರಳುವ ದಿನದ ದರದಂತೆ ಬರುತ್ತದೆ. ಬ್ಯಾಂಕಿನ ಶುಲ್ಕವು ಸಾಮಾನ್ಯವಾಗಿ ಮರಳುವುದಿಲ್ಲ. ಎರಡನೆಯದಾಗಿ, ರಿಸರ್ವ್ ಬ್ಯಾಂಕು 2020ರಲ್ಲಿ ಹೊರಡಿಸಿದ ಆದೇಶದ ಮೇರೆಗೆ ಕಾರ್ಡಿನ ವಿದೇಶಿ ವ್ಯವಹಾರವನ್ನು ನಾವೇ ತೆರೆಯಲೂ ಮುಚ್ಚಲೂ ಅವಕಾಶವಿದೆ. ಕೆಲಸ ಮುಗಿದೊಡನೆ ಮುಚ್ಚಿಡುವುದು ಕ್ಷೇಮಕರ.

ಇಷ್ಟು ಚಿಕ್ಕ ಲೆಕ್ಕ ಶರಣರಿಗೆ ಸಲ್ಲುವುದೇ ಎಂದು ಕೆಲವರು ಕೇಳಬಹುದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು ಎಂಬುದನ್ನು ಮರೆಯಲಾಗದು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆಯೆಂದು ಚಾಡಿಕೋರರು ಅರಸನಿಗೆ ದೂರಿತ್ತಾಗ, ಎಣಿಸಿ ನೋಡಲಾಗಿ ಹಣವು ಸರಿಯಾಗಿಯೇ ಇದ್ದಿತೆಂದು ಪುರಾಣಗಳು ಸಾರುತ್ತವೆ. ಅಪವಾದವನ್ನು ಕಳೆಯುವುದಕ್ಕೆ ಭಂಡಾರವನ್ನು ತೆರೆದು ತೋರಿಸಬೇಕಾಯಿತು. ಕಾಯಕದಿಂದ ಬಂದ ಹಣ ಎಲ್ಲಿ ಸಂದಿತೆಂದು ಅರಿಯುವುದು ಜಿಪುಣತನವಲ್ಲ. ಅರಿಯದೆ ಸೋರಿದ ಹಣ ಮನೆಗೂ ಇಲ್ಲ, ದಾಸೋಹಕ್ಕೂ ಇಲ್ಲ. ಅದಕ್ಕೂ ಮಿಗಿಲಾಗಿ, ಲೆಕ್ಕ ಮಬ್ಬಾದಲ್ಲಿ ಮನೆಯವರ ಮೇಲಿನ ನಂಬಿಗೆಯೂ ಮಬ್ಬಾಗುತ್ತದೆ.

ಅಂದು ಹಿರಿಯರು ಮೂರು ಸಾಲುಗಳನ್ನೂ ಬೆರಳಿಟ್ಟು ಓದಿದರು. ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಲೇಖನಿ ತೆಗೆದು, ಯಂತ್ರದ ಬೆಲೆಯ ಕೆಳಗೆ ‘ವಟಾವು: 561 ರೂ. 51 ಪೈಸೆ’ ಎಂದು ಬರೆದು, ಕಿರ್ದಿಯನ್ನು ಮಗನ ಕೈಗೆ ಕೊಟ್ಟು, “ತಮ್ಮಾ, ಮುಂದಿನ ಲೆಕ್ಕ ನೀನ ಬರಿ” ಎಂದರು. ಹುಡುಗನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡನು. ಸಂಜೆಯ ಬಸ್ಸಿಗೆ ಇಬ್ಬರೂ ಕೂಡಿಯೇ ಖಾನಾಪುರಕ್ಕೆ ಮರಳಿದರು.

ನಮ್ಮ ಮನೆಗಳಲ್ಲಿಯೂ ಮಕ್ಕಳು ಹೊರದೇಶದಿಂದ ಏನನ್ನಾದರೂ ತರಿಸಿದಾಗ, ಲೆಕ್ಕ ಕೇಳುವ ಮುನ್ನ ಹಿರಿಯರು ಅವರೊಡನೆ ಕುಳಿತು ಬಿಲ್ಲಿನ ಸಾಲುಗಳನ್ನು ನೋಡಲಿ.